ಖಾಲಾ ಹೇಳಿದ ಸಿನಿಮಾ

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ನಮ್ಮ ಆಳಂದದಲ್ಲಿ ಇನ್ನೂ ನಿಜಾಮನದೇ ಕಾರಭಾರ. ಆಗ ಊರಿಗೆ ಟೆಂಟ್ ಸಿನಿಮಾ ಬಂತು. ಮುಂದಿನ ವಾರ ಮದುವೆಯಾಗಲಿದ್ದ ಅಕ್ಕನ ಜೊತೆ ನಾನೂ ಹೆಂಗಸರ ಪರದೆಯೊಳಗೆ ಕೂತೆ. ಸಿನಿಮಾದ ಉರ್ದು ನಮಗೆ ತಿಳಿಯದು. ಪಕ್ಕದ ಮುಸಲ್ಮಾನರ ಮನೆಯ ಖಾಲಾ ಕನ್ನಡದಲ್ಲಿ ಹೇಳುತ್ತಿದ್ದರು.

"ನೀ ಮೆಚ್ಚಿದಾಂವ ಬೇಕೋ, ನಾ ನೋಡಿದಾಂವ ಬೇಕೋ ಅಂತ ಅವರಪ್ಪ ಅಕಿಗಿ ಕೇಳಾಕತ್ತಾನ. ಪಾಪ, ಏನಂತ ಹೇಳ್ಬೇಕು ಹುಡುಗಿ?"

ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಕ್ಕ ಅಳಲಿಲ್ಲ. ತೊಟ್ಟಿಲಲ್ಲಿದ್ದಾಗಲೇ ಅವಳನ್ನು ಸೋದರಮಾವನಿಗೆ ಗೊತ್ತು ಮಾಡಿದ್ದರು. ಮಾವನ ಮೀಸೆ ಆಗಲೇ ಬೆಳ್ಳಗಾಗಿತ್ತು. ಆ ಸಂಬಂಧವನ್ನು ಋಣಾನುಬಂಧ ಅನ್ನುತ್ತಿದ್ದರು, ನಾಚಿಕೆಯಿಲ್ಲದೆ.

ಅಕ್ಕ ಖಾಲಾರ ಮೊಣಕೈ ಹಿಡಿದಳು. "ಖರೇನ ಕೇಳಾಕತ್ತಾರೇನ್ರಿ ಅಕಿಗಿ?"

ಖಾಲಾ ಸುಮ್ಮನಾದರು. ಮುಂದಿನ ಕಥೆ ನಮಗೆ ತಿಳಿಯಲೇ ಇಲ್ಲ.