ಹೊಸ ಟಿವಿ ಮತ್ತು ಗಿರಿಜಕ್ಕನ ಜಾಗ

ಹೋದ ಶನಿವಾರ ನಮ್ಮ ಯಜಮಾನರು ಹೊಸ ಟಿವಿಯ ಮುಂದೆ ಬಸ್ಕಿ ಹೊಡೆದರು.

ತಪ್ಪು ತಿಳಿಯಬೇಡಿ, ನಾನು ಹೊಡೆಸಿದ್ದಲ್ಲ. (ಹೊಡೆಸಬೇಕು ಅಂತ ಎಷ್ಟೋ ಸಲ ಅನ್ನಿಸಿದ್ದುಂಟು, ಅದು ಬೇರೆ ಮಾತು.) ಅವರಾಗಿಯೇ ಕೂತರು, ಎದ್ದರು, ಮತ್ತೆ ಕೂತರು, ಮತ್ತೆ ಎದ್ದರು. ಕೊನೆಗೆ ಸೊಂಟ ಹಿಡಿದುಕೊಂಡು "ಅರೆ ಇಸ್ಕಿ!" ಅಂದರು.

ಮೊದಲಿನಿಂದ ಹೇಳುತ್ತೇನೆ ಕೇಳಿ.

ನಮ್ಮ ಹಳೆಯ ಟಿವಿ ಡಬ್ಬಾ ಟಿವಿ. ಕಾಫಿಗೆ ಒಳ್ಳೆ ರೇಟು ಬಂದ ವರ್ಷ ನಮ್ಮ ಮಾವ ತಂದದ್ದು. ಹಾಲ್‌ನ ಮೂಲೆಯಲ್ಲಿ ಒಂದು ಕುಳ್ಳ ಸ್ಟ್ಯಾಂಡಿನ ಮೇಲೆ ಕೂತಿತ್ತು. ಬಣ್ಣ ಹೋದರೆ ತಲೆಗೊಂದು ಕೊಟ್ಟರೆ ಸಾಕು, ಬರುತ್ತಿತ್ತು. ಮಾವ ಹೋದ ಮೇಲೂ ಆ ಟಿವಿ ಮಾತ್ರ ಗಟ್ಟಿಯಾಗಿತ್ತು.

ಭಾನುವಾರ ಸಂಜೆ ನಾಲ್ಕಾದರೆ ಆ ಟಿವಿ ನಮ್ಮ ಅತ್ತೆಯದು. ಅತ್ತೆಯದು ಮತ್ತು ಗಿರಿಜಕ್ಕನದು. ಗಿರಿಜಕ್ಕ ನಮ್ಮ ತೋಟದಲ್ಲಿ ಕಾಫಿ ಹಣ್ಣು ಕುಯ್ದು, ಕಳೆ ತೆಗೆದು, ಈಗ ವಯಸ್ಸಾಗಿ ಆರಾಮಾಗಿ ಇರುವವರು. ಕೆಳಗೆ ಕೂಲಿಯವರ ಮನೆಗಳ ಲೈನಿನಲ್ಲಿ ಕೊನೆಯ ಮನೆ. ಅತ್ತೆ ಈ ಮನೆಗೆ ಮದುವೆಯಾಗಿ ಬಂದ ವರ್ಷವೇ ಅವರೂ ಆ ಲೈನಿಗೆ ಮದುವೆಯಾಗಿ ಬಂದದ್ದು. ಇಬ್ಬರೂ ಸೇರಿ ಸಿನಿಮಾ ನೋಡುವುದನ್ನು ನೀವು ನೋಡಬೇಕು. ವಿಲನ್ ಬಂದರೆ ಇಬ್ಬರೂ ಒಟ್ಟಿಗೆ ಶಾಪ ಹಾಕುತ್ತಾರೆ. ಹೀರೋಯಿನ್ ಅತ್ತರೆ ಇಬ್ಬರೂ ಒಟ್ಟಿಗೆ ಮೂಗು ಒರೆಸಿಕೊಳ್ಳುತ್ತಾರೆ. ಮಧ್ಯದಲ್ಲಿ ಎಲೆಅಡಿಕೆ ತಟ್ಟೆ.

ಅತ್ತೆ ಬೆತ್ತದ ಕುರ್ಚಿಯಲ್ಲಿ. ಗಿರಿಜಕ್ಕ ಬಾಗಿಲ ಪಕ್ಕ, ನೆಲದ ಮೇಲೆ, ಗೋಡೆಗೆ ಒರಗಿ. ಅದು ಅವರ ಜಾಗ. "ಮೇಲೆ ಕೂತ್ಕ ಬಾರೇ" ಅಂದರೆ "ಬ್ಯಾಡ ಅಮ್ಮ, ನಂಗೆ ಇಲ್ಲೇ ಹಿತ" ಅನ್ನುತ್ತಿದ್ದರು. ಒಂದು ಸಲ ಹೇಳಿ ನಾವೂ ಸುಮ್ಮನಾಗುತ್ತಿದ್ದೆವು. ಹೇಳಿದ್ದೇವಲ್ಲ, ಅಷ್ಟು ಸಾಲದೇ?

ಇಂತಿಪ್ಪ ಕಾಲದಲ್ಲಿ, ಒಂದು ಮಧ್ಯಾಹ್ನ ದೇವರಮನೆ ಬೆಟ್ಟದ ಕಡೆಯಿಂದ ಗುಡುಗು ಬಂತು. ಗುಡುಗು ಬಂದರೆ ಮೊದಲು ಪ್ಲಗ್ ಕೀಳಬೇಕು, ಇದು ನಮ್ಮ ಕಡೆ ಹುಟ್ಟಿದ ಮಗುವಿಗೂ ಗೊತ್ತು. ಯಜಮಾನರು ಕಿತ್ತರು. ಆದರೆ ಕಿತ್ತಿದ್ದು ಫ್ರಿಜ್‌ದು. ಟಿವಿ ಒಂದೇ ಸಿಡಿಲಿಗೆ ಠುಸ್ ಎಂದಿತು.

ಹೊರಟೆವು ಚಿಕ್ಕಮಗಳೂರಿಗೆ. ಅಲ್ಲಿ ರಫೀಕ್ ಸಾಬರ ಅಂಗಡಿ. ನನಗೆ ಮತ್ತೊಂದು ಡಬ್ಬಾ ಟಿವಿಯೇ ಸಾಕಿತ್ತು. ಅದರ ತಲೆಯ ಮೇಲೆ ಕ್ರೋಶಾ ಬಟ್ಟೆ ಹಾಸಬಹುದು, ಗಣಪತಿ ಇಡಬಹುದು. ಯಜಮಾನರದ್ದು ಒಂದೇ ಹಟ. ಎಲ್‌ಸಿಡಿ! ಗೋಡೆಗೇ ಹಾಕುವಂಥದ್ದು! ಯಾಕೆ ಅಂತ ಕೇಳಿ. ಪಕ್ಕದ ಎಸ್ಟೇಟಿನವರು ಹಾಕಿಸಿದ್ದಾರೆ, ಅದಕ್ಕೆ.

"ಸಿನಿಮಾ ರೆಕಾರ್ಡ್ ಮಾಡಕ್ಕೆ ಏನಿದೆ ಸಾಬ್ರೆ? ನಮ್ ವಿಸಿಆರ್ ಕೆಟ್ಟು ಹೋಗಿದೆ" ಅಂತ ನಾನು ಕೇಳಿದೆ.

"ಕ್ಯಾಸೆಟ್ ಬಿಟ್ಬಿಡಿ ಮೇಡಂ. ನಮ್ ಮಳೆಗೆ ಕ್ಯಾಸೆಟ್ಟಿಗೆ ಬೂಸ್ಟು ಬರದೇ ಇರತ್ತಾ? ಈ ಡಿವಿಡಿ ರೆಕಾರ್ಡರ್ ತಗೊಳ್ಳಿ. ಡಿಸ್ಕಿಗೆ ಬೂಸ್ಟು ಬಂದ್ರೂ ಬಟ್ಟೇಲಿ ಒರೆಸಿದ್ರೆ ಆಯ್ತು."

ಇದು ಸರಿಯಾದ ಮಾತು. ನಮ್ಮ ಮದುವೆಯ ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಾಗ ಅತ್ತೆ ಅದನ್ನು ಕಾಫಿ ಕಣದಲ್ಲಿ, ಪಾರ್ಚ್‌ಮೆಂಟ್ ಬೀಜದ ಜೊತೆ ಬಿಸಿಲಿಗೆ ಒಣಗಿಸಿದ್ದರು. ಕಾಫಿ ಚೆನ್ನಾಗಿ ಒಣಗಿತು. ಮದುವೆ ಮಾತ್ರ ಹಪ್ಪಳದ ಹಾಗೆ ಸೊಟ್ಟಗಾಯಿತು. ರೆಕಾರ್ಡರ್ ಅಂದ ಕೂಡಲೇ ಯಜಮಾನರ ಮುಖವೂ ಅರಳಿತು. ಕ್ರಿಕೆಟ್ ಮ್ಯಾಚು ರೆಕಾರ್ಡ್ ಮಾಡಬಹುದಲ್ಲ!

ಸಾಬರು ನಮ್ಮನ್ನು ಸೋಫಾದಲ್ಲಿ ಕೂರಿಸಿ, ಟೀ ಕೊಟ್ಟು, ಎದುರಿನ ಎಲ್‌ಸಿಡಿಯಲ್ಲಿ ನವಿಲು, ಜಲಪಾತ ಎಲ್ಲ ತೋರಿಸಿದರು. ನವಿಲು ಈಗ ಹಾರಿ ಬಂದು ಮಡಿಲಲ್ಲಿ ಕೂರುತ್ತದೇನೋ ಅನ್ನಿಸಿತು. ಆಯಿತು ಅಂದೆವು. ಸುಟ್ಟ ಹಳೆಯ ಟಿವಿ ಎಕ್ಸ್‌ಚೇಂಜಿಗೆ ಹೋಯಿತು. ಹೊಸದು ನಮ್ಮ ಹಾಲಿನ ಗೋಡೆಗೇರಿತು. ಎಷ್ಟು ಮೇಲೆ ಅಂದರೆ ದೇವರ ಪಟಕ್ಕಿಂತ ಒಂದು ಗೇಣು ಕೆಳಗೆ, ಅಷ್ಟೇ.

ಮೊದಲ ಭಾನುವಾರ ಗಿರಿಜಕ್ಕ ಅಬ್ಬಲಿಗೆ ಮುಡಿದು ಬಂದರು. ತಮ್ಮ ಜಾಗದಲ್ಲಿ ಕೂತರು. ಸಿನಿಮಾ ಶುರುವಾಯಿತು. ವಿಲನ್ ಬಂದ, ಅತ್ತೆ ಒಬ್ಬರೇ ಶಾಪ ಹಾಕಿದರು. ಗಿರಿಜಕ್ಕ ಸುಮ್ಮನೆ ಮೇಲೆ ನೋಡುತ್ತಿದ್ದರು.

"ಹೆಂಗದೆಯೇ ಹೊಸ ಟಿವಿ?"

"ಚೆನ್ನಾಗದೆ ಅಮ್ಮ."

ಸಿನಿಮಾ ಅರ್ಧ ಆಗುವ ಮೊದಲೇ "ಕೋಳಿ ಗೂಡಿಗೆ ಹಾಕ್ಬೇಕು" ಅಂತ ಎದ್ದು ಹೋದರು. ಆ ಹೊತ್ತಿನಲ್ಲಿ ಯಾವ ಕೋಳಿ ಗೂಡಿಗೆ ಹೋಗುತ್ತದೆ ಸ್ವಾಮಿ?

ಮುಂದಿನ ಭಾನುವಾರ ಬರಲಿಲ್ಲ. ಮಂಡಿ ನೋವು ಅಂತ ಹೇಳಿ ಕಳಿಸಿದರು. ಅತ್ತೆ ಸಿನಿಮಾ ನೋಡಲಿಲ್ಲ. "ರೆಕಾರ್ಡ್ ಮಾಡಿಡೇ. ಗಿರಿಜೆ ಬಂದ್ಮೇಲೆ ನೋಡದು" ಅಂದರು. ಅಂದು, ತಪ್ಪಿ ಎಲ್ಲಾದರೂ ಕಣ್ಣಿಗೆ ಬಿದ್ದೀತು ಅಂತ ಜಗಲಿಯಲ್ಲಿ ಟಿವಿಗೆ ಬೆನ್ನು ಹಾಕಿ ಕೂತರು. ಅದರ ಮುಂದಿನ ಭಾನುವಾರವೂ ಇದೇ ಕಥೆ. ಖಾಲಿ ಡಿಸ್ಕ್ ಮುಗಿದಿತ್ತು. ಯಜಮಾನರ ಮ್ಯಾಚು ಅಳಿಸಿ ಆ ಡಿಸ್ಕಿಗೇ ಸಿನಿಮಾ ಹತ್ತಿಸಿದೆ. (ಅವರಿಗೆ ಇನ್ನೂ ಗೊತ್ತಿಲ್ಲ. ಅವರು ಈ ಅಂಕಣ ಓದುವುದಿಲ್ಲ ಅನ್ನುವುದೇ ಧೈರ್ಯ.)

ಅತ್ತೆಯ ಮುಖ ಬಾಡಿತು. ಊಟಕ್ಕೆ ಕೂತರೆ ಎರಡು ತುತ್ತು. ಕೇಳಿದರೆ ಸಿಡುಕು.

"ಅವಳ ಮನೆಗೂ ಟಿವಿ ಬಂದಿರ್ಬೇಕು. ಇನ್ ನಾವ್ಯಾಕೆ ಬೇಕು ಹೇಳು."

"ಹೋಗಿ ಕೇಳಣ ಬನ್ನಿ ಅತ್ತೆ."

"ನಾನ್ಯಾಕೆ ಹೋಗ್ಲಿ? ಇಷ್ಟು ವರ್ಷ ಕರೆದ್ಮೇಲೇ ಬರ್ತಿದ್ಲಾ ಅವಳು?"

ಅಲ್ಲಿಗೆ ಮಾತು ಮುಗಿಯಿತು. ಕರೆಯದೆ ಬರುತ್ತಿದ್ದವರು ಬರದೇ ಹೋದರೆ ಆಗುವ ನೋವು ಬೇರೆಯೇ. ಅದನ್ನು ಬಾಯಿಬಿಟ್ಟು ಹೇಳಲಿಕ್ಕೂ ಆಗುವುದಿಲ್ಲ.

ಈಗ ಬಂತು ಶನಿವಾರ. ಒಳ್ಳೆ ಬಕ್ಕೆ ಹಲಸು ಹಣ್ಣಾಗಿತ್ತು. ಬಾಗಿಲ ಹತ್ತಿರ ನೆಲದ ಮೇಲೆ ಪೇಪರ್ ಹಾಸಿ, ಕೈಗೆ ಎಣ್ಣೆ ಹಚ್ಚಿಕೊಂಡು, ಕತ್ತರಿಸಲು ಕೂತೆ. ಟಿವಿಯಲ್ಲಿ ವಾರ್ತೆ ಬರುತ್ತಿತ್ತು. ಸುಮ್ಮನೆ ತಲೆ ಎತ್ತಿ ನೋಡುತ್ತೇನೆ, ವಾರ್ತೆ ಓದುವ ಹುಡುಗಿಯ ಮುಖ ಕಪ್ಪಗೆ! ತಲೆಕೂದಲು ಬೆಳ್ಳಗೆ! ಫೋಟೋದ ನೆಗೆಟಿವ್ ಇರುತ್ತದಲ್ಲ, ಥೇಟ್ ಹಾಗೆ.

"ರೀ, ಟಿವಿ ಹೋಯ್ತು!"

ಯಜಮಾನರು ಓಡಿ ಬಂದರು. "ಎಂತದೂ ಆಗಿಲ್ಲ ಮಾರಾಯ್ತಿ, ಚೆನ್ನಾಗೇ ಕಾಣ್ತಿದೆಯಲ್ಲ."

"ಇಲ್ ಕೂತು ನೋಡಿ."

ಕೂತರು. ಹುಡುಗಿ ಕಪ್ಪಾದಳು. ಎದ್ದರು. ಹುಡುಗಿ ಬೆಳ್ಳಗಾದಳು. ಕೂತರು, ಎದ್ದರು. ಆ ಬಸ್ಕಿಯ ಕಥೆ ಇದೇ.

ಎದುರು ಸೋಫಾದಲ್ಲಿ ಕೂತರೆ ಬಂಗಾರದಂಥ ಟಿವಿ. ಅತ್ತೆಯ ಕುರ್ಚಿಯಿಂದಲೂ ಪರವಾಗಿಲ್ಲ. ಪಕ್ಕದಲ್ಲಿ, ಕೆಳಗೆ, ನೆಲದ ಮೇಲೆ ಕೂತರೆ ಮಾತ್ರ ಅಮಾವಾಸ್ಯೆ. ಟಿವಿ ಆರಿಸುವಾಗ ನಾವು ಇಂಚು ನೋಡುತ್ತೇವೆ, ವಾರಂಟಿ ನೋಡುತ್ತೇವೆ, ಪಕ್ಕದ ಮನೆಯವರ ಹಾಲ್ ನೋಡುತ್ತೇವೆ. ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಅಂತ ಯಾರಾದರೂ ನೋಡುತ್ತೇವಾ? ಅಂಗಡಿಯಲ್ಲಿ ನೆಲದ ಮೇಲೆ ಕೂತು ಟಿವಿ ನೋಡಿದವರನ್ನು ನಾನಂತೂ ಕಂಡಿಲ್ಲ.

ಅತ್ತೆ ಕೋಣೆಯಿಂದ ಎಲ್ಲ ನೋಡುತ್ತಿದ್ದರು. ಕೋಲು ತೆಗೆದುಕೊಂಡು ಚಪ್ಪಲಿ ಮೆಟ್ಟಿ ನಡೆದೇ ಬಿಟ್ಟರು. ಹಲಸಿನ ಅಂಟು ಮೆತ್ತಿದ ಕೈಯಲ್ಲೇ ನಾನು ಹಿಂದೆ ಓಡಿದೆ.

ಗಿರಿಜಕ್ಕ ಮನೆಯ ಮುಂದೆ ಕೂತು, ಮೊರವನ್ನು ಮೂಗಿನ ಹತ್ತಿರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಮನೆಯೊಳಗೆ ಯಾವ ಟಿವಿಯೂ ಇರಲಿಲ್ಲ.

"ಏನೇ, ಟಿವಿ ಕಾಣ್ತಿರ್ಲಿಲ್ವನೇ ನಿಂಗೆ?" ಅತ್ತೆ ನಿಂತಲ್ಲಿಂದಲೇ ಕೇಳಿದರು.

ಗಿರಿಜಕ್ಕ ಮೊರ ಕೆಳಗಿಟ್ಟರು.

"ಇಲ್ಲ ಅಮ್ಮ. ಬರೀ ಕಪ್ಪು. ನಿಮಗೆ ಕಾಣ್ತದೆ, ನಂಗೆ ಕಾಣಲ್ಲ ಅಂದ್ರೆ ನನ್ ಕಣ್ಣೇ ಹೋಗ್ತಾ ಅದೆ ಅನ್ಕಂಡೆ. ನಮ್ಮವ್ವಂಗೂ ಕಣ್ಣು ಹೋಗಿತ್ತಲ್ಲ. ಮೂಡಿಗೆರೆಗೆ ಹೋಗಿ ಕಣ್ಣು ತೋರಿಸ್ಕಂಡು ಬರಣ ಅಂತಿದ್ದೆ. ಡಾಕ್ಟ್ರು ಏನ್ ಹೇಳ್ತಾರೋ ಅಂತ ಭಯ, ಹೋಗ್ಲೇ ಇಲ್ಲ."

ಇಷ್ಟು ದಿನ ಆ ಹೆಂಗಸು ಕುರುಡಾಗುತ್ತಿದ್ದೇನೆ ಅಂತ ಹೆದರಿ ಬದುಕಿದ್ದಾರೆ. ನಮ್ಮ ಗೋಡೆಯ ಮೇಲಿನ ಒಂದು ಟಿವಿಯ ದೆಸೆಯಿಂದ!

"ಅಯ್ಯೋ ಪೆದ್ದಿ! ಬಾಯ್ಬಿಟ್ಟು ಹೇಳಕ್ಕೆ ಏನಾಗಿತ್ತೇ?"

"ಸಾಹುಕಾರ್ರು ಆಸೆಪಟ್ಟು ತಂದಿದ್ದಲ್ವಾ ಅಮ್ಮ. ಕಾಣಲ್ಲ ಅಂತ ಹೆಂಗೆ ಹೇಳದು?"

"ನಿನ್ ಕಣ್ಣಿಗೆ ಎಂತದೂ ಆಗಿಲ್ಲ. ಆ ಟಿವಿಗೇ ಪೊರೆ ಬಂದಿದೆ" ಅಂದರು ಅತ್ತೆ. ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ಇಬ್ಬರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಭಾನುವಾರ ಗಿರಿಜಕ್ಕ ಬಂದರು. ಬಂದವರು ಸೀದಾ ಬಾಗಿಲ ಪಕ್ಕಕ್ಕೇ ಹೋದರು. ಅಭ್ಯಾಸಬಲ. ಅತ್ತೆ ತಮ್ಮ ಬೆತ್ತದ ಕುರ್ಚಿ ಬಿಟ್ಟು ಸೋಫಾದ ನಡುವೆ ಕೂತಿದ್ದರು. ಪಕ್ಕದ ಜಾಗವನ್ನು ಕೈಯಲ್ಲಿ ತಟ್ಟಿದರು.

"ಬ್ಯಾಡ ಅಮ್ಮ, ಇಲ್ಲೇ..."

"ನನ್ ಮಂಡಿ ನೆಲಕ್ಕೆ ಬಗ್ಗಲ್ಲ. ನೀನ್ ಮೇಲೆ ಬರ್ದಿದ್ರೆ ನಾನೂ ನೋಡಲ್ಲ. ಆ ಡಿಸ್ಕ್ ಎಲ್ಲ ಒಲೆಗೆ ಹಾಕ್ತೀನಿ ನೋಡು!"

ಈ ಬಾರಿ ಅತ್ತೆ ಒಂದು ಸಲ ಹೇಳಿ ಸುಮ್ಮನಾಗುವ ಲಕ್ಷಣ ಕಾಣಲಿಲ್ಲ. ಗಿರಿಜಕ್ಕ ಬಂದು ಸೋಫಾದ ತುದಿಯಲ್ಲಿ, ಆಲ್ದೂರು ಬಸ್ಸಿಗೆ ಕಾಯುವವರ ಹಾಗೆ ಕೂತರು. ಹಳೆಯ ಡಿಸ್ಕಿನಿಂದಲೇ ಶುರು ಮಾಡಿದೆವು. ವಿಲನ್ ಬಂದ. ಇಬ್ಬರೂ ಒಟ್ಟಿಗೆ ಶಾಪ ಹಾಕಿದರು. ಹೀರೋಯಿನ್‌ಗೆ ಕಷ್ಟ ಬರುವ ಹೊತ್ತಿಗೆ ಗಿರಿಜಕ್ಕ ಕಾಲು ಮಡಚಿ ಸೋಫಾದ ಮೇಲಿಟ್ಟುಕೊಂಡಿದ್ದರು. ನಡುವೆ ಎಲೆಅಡಿಕೆ ತಟ್ಟೆ. ನನಗಾದ ಖುಷಿ ಅಷ್ಟಿಷ್ಟಲ್ಲ.

"ನಾಳೆ ಮಿಸ್ತ್ರಿನ ಕರೆಸಿ ಟಿವಿ ಕೆಳಗಿಳಿಸ್ತೀನಿ ಅಮ್ಮ" ಅಂದರು ಯಜಮಾನರು.

"ಬ್ಯಾಡ. ಅದು ಅಲ್ಲೇ ಇರ್ಲಿ" ಅಂದರು ಅತ್ತೆ.

ಸೋಫಾದಲ್ಲಿ ಅತ್ತೆ, ಗಿರಿಜಕ್ಕ, ನಾನು. ಬೆತ್ತದ ಕುರ್ಚಿಯ ಮೇಲೆ ಹಲಸಿನ ತೊಳೆಯ ಪಾತ್ರೆ. ಉಳಿದದ್ದು ಬಾಗಿಲ ಪಕ್ಕದ ಜಾಗ ಒಂದೇ. ಯಜಮಾನರು ಹಣ್ಣಿನ ತಟ್ಟೆ ಹಿಡಿದು ಅಲ್ಲಿ ಕೂತರು. ಸ್ವಲ್ಪ ಹೊತ್ತು ಕತ್ತು ಆ ಕಡೆ ಈ ಕಡೆ ಹೊರಳಿಸಿದರು.

"ಅಮ್ಮ, ನಂಗಿಲ್ಲಿ ಎಂತದೂ ಕಾಣ್ತಿಲ್ಲ."

ಅತ್ತೆ ಟಿವಿಯಿಂದ ಕಣ್ಣು ಕೀಳಲಿಲ್ಲ. "ಮೂಡಿಗೆರೆಗೆ ಹೋಗಿ ಕಣ್ಣು ತೋರಿಸ್ಕಂಡು ಬಾರೋ!"