ಅತ್ತಿಗೆಯ ಟೈಮ್‌ಟೇಬಲ್

ನನ್ನ ಅತ್ತಿಗೆಯನ್ನು ಒಳ್ಳೆಯವಳು ಅನ್ನದವರು ನಮ್ಮ ಬೀದಿಯಲ್ಲಿ ಇಬ್ಬರೇ ಇಬ್ಬರು. ಒಬ್ಬ, ಅವಳ ಕೈಲಿ ದಿನಾ ಬೈಸಿಕೊಳ್ಳುವ ಹಾಲಿನವನು. ಇನ್ನೊಬ್ಬಳು ನಾನು. ಹಾಲಿನವನ ಮಾತನ್ನಾದರೂ ಯಾರೋ ಒಬ್ಬರು ನಂಬಿಯಾರು. ಅತ್ತಿಗೆಯ ವಿಷಯದಲ್ಲಿ ನಾದಿನಿ ಆಡಿದ ಮಾತನ್ನು ನಂಬುವ ಪುಣ್ಯಾತ್ಮರು ಇನ್ನೂ ಹುಟ್ಟಿಲ್ಲ. ಗೊತ್ತಿದ್ದೂ ಹೇಳುತ್ತಿದ್ದೇನೆ. ಎದುರಿಗೆ ಅವಳನ್ನು ‘ನೀವು’ ಅನ್ನುತ್ತೇನೆ, ಇಲ್ಲಿ ‘ಅವಳು’ ಅಂತಲೇ ಬರೆಯುತ್ತೇನೆ. ಅಷ್ಟು ಸ್ವಾತಂತ್ರ್ಯವಾದರೂ ನನಗಿರಲಿ.

ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ, ಒಪ್ಪುತ್ತೇನೆ. ಅವಳ ಅಡುಗೆಮನೆಯ ಒರೆಸುವ ಬಟ್ಟೆ ನನ್ನ ದಿಂಬಿನ ಚೀಲಕ್ಕಿಂತ ಬೆಳ್ಳಗಿರುತ್ತದೆ. ನೀರಿನ ಪಂಪ್ ಮಾರಲು ಊರೂರು ಸುತ್ತುವ ನನ್ನ ಅಣ್ಣ ಒಂದು ದಿನವೂ ಗುಂಡಿ ಕಿತ್ತ ಶರ್ಟು ಹಾಕಿದವನಲ್ಲ. ನಾನು ಅದೇ ಮನೆಯ ಮಹಡಿ ಕೋಣೆಯಲ್ಲಿದ್ದೇನೆ. ಮದುವೆಯಾಗಿಲ್ಲ. ಬೇಕರಿಯಲ್ಲಿ ಬೆಳಗಿನ ಜಾವದ ಪಾಳಿ. ತಲೆಗೂದಲಿಗೆ ಮೈದಾಹಿಟ್ಟು ಅಂಟಿಸಿಕೊಂಡು ನಾನು ಮನೆಗೆ ಬರುವ ಹೊತ್ತಿಗೆ ಕೆಳಗೆ ಊಟದ ಮೇಜಿನ ಮೇಲೆ ಪಾಠ ನಡೆಯುತ್ತಿರುತ್ತದೆ. ಹಾಗಾಗಿ ಕಂಡದ್ದನ್ನು ಹೇಳುತ್ತಿದ್ದೇನೆ, ಯಾರೋ ಹೇಳಿದ್ದನ್ನಲ್ಲ.

ಆ ಪಾಠ ಶುರುವಾದದ್ದೇ ಸಿಟ್ಟಿನಿಂದ. ಅವಳ ಮಗನಿಗೆ ಹೆಸರು ಏನೋ ಇದೆ, ಯಾರಿಗೂ ನೆನಪಿಲ್ಲ. ಅವಳು ದೊರೆ ಅಂದಳು, ಬೀದಿಯೂ ದೊರೆ ಅಂತು. ದುಂಡಗಿನ, ನಿದ್ದೆಗಣ್ಣಿನ, ಯಾರ ಗೋಜಿಗೂ ಹೋಗದ ಹುಡುಗ. ಶಾಲೆಗೆ ಸೇರಿಸಿ ಒಂದೆರಡು ತಿಂಗಳಾಗಿತ್ತೇನೋ, ಟೀಚರ್ ಇವಳನ್ನು ಕರೆದು, “ಹುಡುಗ ಸ್ವಲ್ಪ ನಿಧಾನ. ಮನೇಲೂ ಒಂಚೂರು ನೋಡ್ಕೊಳ್ಳಿ” ಅಂದರು. ಅಷ್ಟೇ ಮಾತು. ಅತ್ತಿಗೆ ಅಲ್ಲಿಂದಲೇ ಅವನ ಚೀಲ ಎತ್ತಿಕೊಂಡು ಬಂದಳು. “ನನ್ನ ಮಗ ನಿಧಾನ ಅಲ್ಲ, ಅವರಿಗೆ ಕಲಿಸಕ್ಕೆ ಬರಲ್ಲ. ನಾನು ಮನೇಲೇ ಕಲಿಸ್ತೀನಿ. ಕಾನೂನಲ್ಲೇ ಇದೆ, ಕೇಳ್ಕೊಂಡು ಬಂದಿದೀನಿ” ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೆ ನಾನೇನೂ ತಪ್ಪು ಹೇಳುವುದಿಲ್ಲ.

ಆಮೇಲೆ ಪಠ್ಯಕ್ರಮ ಹುಡುಕುವ ಕೆಲಸ. ಹೆಣ್ಣು ನೋಡುವವರೂ ಇಷ್ಟು ಅಳೆದು ಸುರಿದು ನೋಡಿರಲಾರರು. ಮೊದಲು ಬಂದದ್ದು ‘ಆಡುತ್ತಾ ಕಲಿ’ ಅನ್ನುವ ಪೆಟ್ಟಿಗೆ: ಮರದ ತುಂಡು, ಬಣ್ಣದ ಮಣಿ, ಮರಳು ತುಂಬಿದ ತಟ್ಟೆ. ದೊರೆ ಒಂದು ಮಣಿಯನ್ನು ಮೂಗಿಗೆ ಹಾಕಿಕೊಂಡ. ಡಾಕ್ಟರ ಹತ್ತಿರ ಹೋಗಿ ಮಣಿ ತೆಗೆಸಿ, ಪೆಟ್ಟಿಗೆಯನ್ನು ವಾಪಸು ಕಳಿಸಿದ್ದಾಯಿತು. ಎರಡನೆಯದು ಕಥೆಗಳದ್ದು. ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಬೇಕು, ಮಗು ತಾನಾಗಿ ಓದಿನ ರುಚಿ ಹಿಡಿಯುತ್ತದೆ ಅಂತ ಅದರ ಬೆನ್ನ ಮೇಲೆ ಬರೆದಿತ್ತು. ದೊರೆ ನಿದ್ದೆಯ ರುಚಿ ಹಿಡಿದ. ಮೂರನೆಯದೇ ನಿಂತದ್ದು. ಅದರಲ್ಲಿ ಮಗುವಿಗೊಂದು ಪುಸ್ತಕ, ಕಲಿಸುವ ತಾಯಿಗೊಂದು ದಪ್ಪ ಕೈಪಿಡಿ. ತಾಯಿ ಯಾವ ದಿನ ಯಾವ ಮಾತು ಆಡಬೇಕು ಅನ್ನುವುದೆಲ್ಲ ಕೈಪಿಡಿಯಲ್ಲೇ ಇತ್ತು. ‘ಇಲ್ಲಿ ನಿಲ್ಲಿಸಿ. ಮಗುವಿನ ಉತ್ತರಕ್ಕಾಗಿ ಕಾಯಿರಿ.’ ಅತ್ತಿಗೆ ನಿಲ್ಲಿಸುತ್ತಿದ್ದಳು, ಕಾಯುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ದೊರೆ ಸೂರು ನೋಡುತ್ತಿದ್ದ.

ಗೋಡೆಗೆ ಟೈಮ್‌ಟೇಬಲ್ ಅಂಟಿಸಿದಳು. ಓದು ಹಸಿರು, ಲೆಕ್ಕ ಕೆಂಪು, ನಿದ್ದೆ ನೀಲಿ. ವಾರ ವಾರಕ್ಕೆ ನೀಲಿ ಹಬ್ಬುತ್ತಾ ಹೋಯಿತು. ಕೊನೆಗೆ ಅವಳಿಗೇ ಹೊಳೆಯಿತು: “ಒಬ್ಬನೇ ಅಲ್ವಾ, ಅದಕ್ಕೇ ಮಗುಗೆ ಬೇಜಾರು. ಜೊತೆಗೊಂದು ಇದ್ರೆ ಕಲೀತಾನೆ.”

ಜೊತೆಗೆ ಬಂದದ್ದು ಅವಳ ತಂಗಿಯ ಮಗಳು. ತಂಗಿ ಪಕ್ಕದ ಊರಿನ ಆಸ್ಪತ್ರೆಯಲ್ಲಿ ನರ್ಸು. ಗಂಡ ಬಿಟ್ಟುಹೋಗಿದ್ದ, ಪಾಳಿ ಯಾವಾಗೆಂದರೆ ಆವಾಗ. ಮಗುವನ್ನು ಎಲ್ಲಿ ಬಿಡುವುದು ಅಂತ ಅವಳು ಅಳುತ್ತಿದ್ದಾಗ ಅತ್ತಿಗೆ, “ನನ್ನ ಹತ್ರ ಬಿಡೇ. ಒಂದಕ್ಕೆ ಹೇಳಿಕೊಡೋದೂ ಒಂದೇ, ಎರಡಕ್ಕೆ ಹೇಳಿಕೊಡೋದೂ ಒಂದೇ” ಅಂದಳಂತೆ. ಬೀದಿಯವರು ಹೊಗಳಿದ್ದೇ ಹೊಗಳಿದ್ದು. ಮಗು ಬಂತು. ದೊರೆಗಿಂತ ಒಂದಿಷ್ಟು ತಿಂಗಳು ಚಿಕ್ಕದು, ತೋಳೆಲ್ಲ ಮೂಳೆ. ಬಂದ ದಿನವೇ ಕಡ್ಡಿ ಅಂತ ಹೆಸರು ಬಿತ್ತು. ಭಾನುವಾರ ಮಾತ್ರ ತಾಯಿ ಬಂದು ನೋಡಿಕೊಂಡು ಹೋಗುವುದು.

ಕಡ್ಡಿಗೆ ಪುಸ್ತಕ ಬರಲಿಲ್ಲ. “ಒಂದು ಸೆಟ್ ಸಾಕು, ಅವಳು ನೋಡ್ತಾ ಕೂತಿರಲಿ” ಅಂದಳು ಅತ್ತಿಗೆ. ಮೇಜಿನ ಈ ಬದಿಗೆ ತಾಯಿ, ಮಗ, ಪುಸ್ತಕ. ಆ ಬದಿಗೆ ಕಡ್ಡಿ. ಟೈಮ್‌ಟೇಬಲ್‌ನಲ್ಲಿ ಅವಳಿಗೂ ಒಂದು ಸಾಲು ಬಂತು, ಅದರಲ್ಲಿ ಪೆನ್ಸಿಲ್ ಚೂಪು ಮಾಡುವುದು, ಸ್ಲೇಟು ಒರೆಸುವುದು, ದೊರೆ ಅಣ್ಣನ ಪುಸ್ತಕ ಎತ್ತಿಡುವುದು ಇದ್ದವು.

ಒಂದು ಬೆಳಿಗ್ಗೆ ನಾನು ಬೇಕರಿಯಿಂದ ಬಂದು ಅದೇ ಮೇಜಿನಲ್ಲಿ ಪೇಪರ್ ಹರಡಿಕೊಂಡು ಬನ್ನು ತಿನ್ನುತ್ತಿದ್ದೆ. ಅತ್ತಿಗೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಎದುರಿಗೆ ಕೂತಿದ್ದ ಕಡ್ಡಿ, “ಪೈಪ್ ಒಡೆದು ರಸ್ತೆ ತುಂಬಾ ನೀರು” ಅಂದಳು.

“ಎಲ್ಲೇ?” ಅಂತ ಕಿಟಕಿ ನೋಡಿದೆ.

“ಅಲ್ಲೇ ಅತ್ತೆ, ನಿಮ್ಮ ಪೇಪರಲ್ಲಿ.”

ನನ್ನ ಕೈಲಿದ್ದ ಬನ್ನು ಕೈಲೇ ಉಳಿಯಿತು. ಪೇಪರನ್ನು ಅವಳ ಕಡೆಗೆ ತಿರುಗಿಸಿ ಕೊಟ್ಟೆ. ತಡವರಿಸಿದಳು. ಮೆಲ್ಲಗೆ ಅದನ್ನು ಮತ್ತೆ ತಲೆಕೆಳಗು ಮಾಡಿಕೊಂಡಳು, ಮಾಡಿಕೊಂಡು ಕೆಳಗಿನ ಸಾಲನ್ನೂ ಗಡಗಡ ಓದಿದಳು. ಎದುರು ಬದಿಯಲ್ಲಿ ಕೂತು ಕೂತು, ದೊರೆಯ ಪುಸ್ತಕವನ್ನು ತಲೆಕೆಳಗಾಗಿ ನೋಡಿ ನೋಡಿಯೇ ಈ ಮಗು ಓದು ಕಲಿತುಬಿಟ್ಟಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹಿತ್ತಿಲಿಗೆ ಓಡಿ ಅತ್ತಿಗೆಗೆ ಹೇಳಿದೆ.

ಅತ್ತಿಗೆ ಒದ್ದೆ ಚಾದರ ಹಿಂಡುತ್ತಿದ್ದವಳು ಹಿಂಡುತ್ತಲೇ ಇದ್ದಳು. ನೀರು ನಿಂತಮೇಲೂ ಹಿಂಡಿದಳು. ಆಮೇಲೆ, “ಚಿಕ್ಕಂದಿನಲ್ಲಿ ನಮ್ಮಪ್ಪ ನಮ್ಮಿಬ್ಬರನ್ನೂ ಹೀಗೇ ಕೂರಿಸ್ಕೊಂಡು ಹೇಳಿಕೊಡ್ತಿದ್ರು. ನಾನು ಬಾಯಿ ತೆಗೆಯೋದ್ರೊಳಗೆ ನನ್ನ ತಂಗಿ ಉತ್ತರ ಹೇಳಿರ್ತಿದ್ಲು. ನನ್ನನ್ನ ಬರೀ ದಡ್ಡಿ, ದಡ್ಡಿ ಅಂತಲೇ ಕರೆದ್ರು, ಮದುವೆ ದಿನದವರೆಗೂ” ಅಂದಳು. ಪಾಪ ಅನ್ನಿಸಿತು. ಆ ಪಾಪ ಅನ್ನಿಸಿದ್ದು ಮಾರನೆಯ ದಿನಕ್ಕೆ ಇಳಿದುಹೋಯಿತು. ಮಾರನೆಯ ದಿನ ಮೇಜಿನ ನಡುವೆ ಪುಸ್ತಕ ಬಂದಿದ್ದ ರಟ್ಟಿನ ಪೆಟ್ಟಿಗೆ ಗೋಡೆಯ ಹಾಗೆ ನಿಂತಿತ್ತು, ಅದರ ಹಿಂದೆ ಕಡ್ಡಿ ಒಂದು ಹಾಳೆಯ ಮೇಲೆ ಮೊದಲನೇ ಅಕ್ಷರವನ್ನೇ ತಿದ್ದುತ್ತಿದ್ದಳು.

“ಅವಳಿಗೆ ಓದೋಕೆ ಬರುತ್ತಲ್ಲಾ ಅತ್ತಿಗೆ?”

“ಅಡಿಪಾಯ ಗಟ್ಟಿ ಆಗ್ಲಿ.”

“ಅವಳ ಅಡಿಪಾಯ ಗಟ್ಟಿ ಇದೆ, ನೀವು ಗೋಡೆ ಏಳೋಕೆ ಬಿಡ್ತಿಲ್ಲ.”

“ನೋಡೇ,” ಅಂದಳು ಅತ್ತಿಗೆ ತಣ್ಣಗೆ, “ದೊರೆ ಮೊದಲು ಬರಬೇಕು ಅಂದ್ರೆ ಎರಡನೆಯವಳು ಅಂತ ಒಬ್ಬಳು ಇರಲೇಬೇಕಲ್ವಾ? ಒಬ್ಬನೇ ಓಡಿದ್ರೆ ಗೆದ್ದ ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ?”

ಪೆಟ್ಟಿಗೆ ಕಣ್ಣಿಗೆ ಅಡ್ಡ, ಕಿವಿಗೆ ಅಡ್ಡವಲ್ಲ. ಒಂದು ದಿನ ಹಕ್ಕಿಯ ಪಾಠ. ಹಕ್ಕಿ ಗೂಡು ಎಲ್ಲಿ ಕಟ್ಟಿತು ಅಂತ ಕೈಪಿಡಿ ಕೇಳಿತು, ಅತ್ತಿಗೆ ಕಾದಳು, ದೊರೆ ಸೂರು ನೋಡಿದ. ಪೆಟ್ಟಿಗೆಯ ಹಿಂದಿನಿಂದ, “ದೀಪದ ಕಂಬದ ಮೇಲೆ” ಅಂತ ಬಂತು. ದೊರೆ ಗೊಳೋ ಅಂತ ಅತ್ತ. ಪುಸ್ತಕ ಎಸೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದನ್ನು ನಾನು ಗಾದೆ ಅಂದುಕೊಂಡಿದ್ದೆ. ಅವತ್ತು ಕಣ್ಣಾರೆ ಕಂಡೆ. ಕಡ್ಡಿಯನ್ನು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿ, ತುಟಿಯ ಮೇಲೆ ಬೆರಳಿಡಿಸಿ, “ಅಣ್ಣ ಉತ್ತರ ಹೇಳೋವರೆಗೂ ಬೆರಳು ತೆಗೆಯೋ ಹಾಗಿಲ್ಲ” ಅಂದಳು ಅತ್ತಿಗೆ. ಅಣ್ಣ ಅತ್ತು ಸುಸ್ತಾಗಿ ಮಲಗಿದ.

ನಾನು ಮೇಲೆ ಹೋಗಿ ಒಂದು ನಿದ್ದೆ ತೆಗೆದು ಕೆಳಗೆ ಬಂದಾಗಲೂ ಮಗು ಅಲ್ಲೇ ನಿಂತಿತ್ತು. ಕಾಲ ಕೆಳಗೆ ನೆಲ ಒದ್ದೆ, ಲಂಗ ಒದ್ದೆ. ಎತ್ತಿಕೊಂಡೆ. ಬೆರಳು ತೆಗೆಯಲು ನೋಡಿದರೆ ಗಟ್ಟಿಯಾಗಿ ಒತ್ತಿಕೊಂಡು ತಲೆ ಅಲ್ಲಾಡಿಸಿತು. ಬೆರಳ ಸಂದಿಯಿಂದ, “ಅಣ್ಣ ಇನ್ನೂ ಹೇಳಿಲ್ಲ” ಅಂತು. ನಾನು ಅವತ್ತು ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಅತ್ತಿಗೆ ನೆಲ ಒರೆಸುತ್ತಾ ತಲೆಯೆತ್ತದೆ ಹೇಳಿದಳು: “ಹೆತ್ತಿದ್ರೆ ನಿಂಗೂ ಗೊತ್ತಾಗ್ತಿತ್ತು.”

ಭಾನುವಾರ ನರ್ಸು ಬಂದಾಗ ಬೀದಿಯ ತುದಿಯಲ್ಲೇ ತಡೆದು ಎಲ್ಲವನ್ನೂ ಹೇಳಿದೆ. ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು, ಕಣ್ಣು ಒಳಗೆ ಹೋಗಿತ್ತು. ಕೇಳಿಸಿಕೊಂಡು ಬೇಸರದ ನಗೆ ನಕ್ಕಳು.

“ನೀವು ಹೀಗೆಲ್ಲ ಹೇಳ್ತೀರಿ ಅಂತ ಅಕ್ಕ ಮೊದಲೇ ಹೇಳಿದ್ಲು.”

“ಒಂದು ಪುಸ್ತಕ ಕೊಟ್ಟು ನೀವೇ ಓದಿಸಿ ನೋಡಿ. ತಲೆಕೆಳಗೆ ಇಡಿ.”

“ಓದಿಸಿ ನೋಡೋದು ಅಂದ್ರೆ ಅಕ್ಕನ ಮೇಲೆ ಅನುಮಾನಪಟ್ಟ ಹಾಗೆ. ನನ್ನ ಮಗಳಿಗೆ ಅನ್ನ ಹಾಕ್ತಿದಾಳೆ ರೀ ಅವಳು.” ನನ್ನನ್ನು ದಾಟಿಕೊಂಡು ಹೋದಳು.

ಆದರೂ ಒಂದು ದಾರಿ ತೆರೆಯಿತು. ನರ್ಸಿಗೆ ಆಸ್ಪತ್ರೆಯ ವಸತಿಯಲ್ಲಿ ಒಂದು ಮನೆ ಸಿಕ್ಕಿತು, ಎದುರಿಗೇ ಶಾಲೆ. ಒಂದನೇ ತರಗತಿಗೆ ಸೇರಿದರೆ ಮಗಳು ಅಮ್ಮನ ಜೊತೆಗೇ ಇರಬಹುದು. ಅಮ್ಮ ಬರುವವರೆಗೆ ಶಾಲೆಯವರೇ ನೋಡಿಕೊಳ್ಳುತ್ತಾರೆ. ಅದಕ್ಕೆ ಒಂದು ಸಣ್ಣ ಪುಟ ಓದಿ ತೋರಿಸಬೇಕು. ಮನೆಯಲ್ಲಿ ಕಲಿತ ಮಗುವಾದ್ದರಿಂದ ಕಲಿಸಿದವರೂ ಜೊತೆಗೆ ಬರಬೇಕು. ಓದಲು ಬಾರದಿದ್ದರೆ ಮುಂದಿನ ವರ್ಷ ನೋಡೋಣ ಅಂದಿದ್ದರು. ಸುದ್ದಿ ಕೇಳಿದ ದಿನದಿಂದ ಕಡ್ಡಿ ಮಹಡಿ ಮೆಟ್ಟಿಲಲ್ಲಿ ನನ್ನ ಪಕ್ಕ ಕೂತು, “ಅಮ್ಮನ ಮನೇಲಿ ಎರಡು ಕಿಟಕಿ ಇದೆಯಂತೆ ಅತ್ತೆ” ಅನ್ನುತ್ತಿದ್ದಳು. ನಾನು ಬನ್ನಿನ ಕಾಗದ ತಂದು ಓದಿಸುತ್ತಿದ್ದೆ. ನೆಟ್ಟಗಿದ್ದರೆ ತಡವರಿಸಿ ಓದುತ್ತಿದ್ದಳು, ತಲೆಕೆಳಗಾದರೆ ನೀರು ಕುಡಿದ ಹಾಗೆ.

ಹೊರಡುವ ದಿನ ಅತ್ತಿಗೆ ದೊರೆಗೂ ಹೊಸ ಶರ್ಟು ಹಾಕಿದಳು. “ಅವನ್ಯಾಕೆ? ನಾನು ನೋಡ್ಕೋತೀನಿ, ಇಲ್ಲೇ ಬಿಡಿ” ಅಂದೆ. “ನನ್ನ ಬಿಟ್ಟು ಇರಲ್ಲ” ಅಂದಳು. ಕೆಲಸಕ್ಕೆ ರಜ ಹೇಳಿ ನಾನೂ ಬಸ್ಸು ಹತ್ತಿದೆ.

ಹೆಡ್ ಮೇಡಂ ಒಳ್ಳೆಯವರು, ನಗುಮುಖ. ಕಡ್ಡಿಯನ್ನು ಕುರ್ಚಿಯ ಮೇಲೆ ಕೂರಿಸಿ ಪುಸ್ತಕ ಕೊಟ್ಟರು. ಪಕ್ಕದ ಕುರ್ಚಿಯಲ್ಲಿ ದೊರೆಯನ್ನು ಅತ್ತಿಗೆ ತಾನೇ ಕೂರಿಸಿದಳು. ಕಡ್ಡಿ ಪುಸ್ತಕವನ್ನು ತಲೆಕೆಳಗು ಮಾಡಿದಳು. ಮೇಡಂ ನಕ್ಕು ನೆಟ್ಟಗೆ ಮಾಡಿದರು. ಕಡ್ಡಿ ಮತ್ತೆ ತಿರುಗಿಸಿದಳು.

ನನಗೆ ತಡೆಯಲಾಗಲಿಲ್ಲ. “ಮೇಡಂ, ಅವಳು ಹಾಗೇ ಓದೋದು. ಬಿಡಿ. ಮೊದಲು ಆ ಹುಡುಗನ್ನ ಹೊರಗೆ ಕಳಿಸಿ, ಅವನಿದ್ರೆ ಅವಳು ಬಾಯಿ ಬಿಡಲ್ಲ.”

ಮೇಡಂ ನನ್ನತ್ತ ನೋಡಿದರು. “ನೀವು ಮಗುಗೆ ಏನಾಗಬೇಕು?”

ದೊರೆಗೆ ನಾನು ಸೋದರತ್ತೆ. ಕಡ್ಡಿಗೆ ಏನು? ದೊಡ್ಡಮ್ಮನ ಗಂಡನ ತಂಗಿ. ನಾನು ತಡವರಿಸುವಷ್ಟರಲ್ಲಿ ನರ್ಸು, “ಏನೂ ಆಗಬೇಕಿಲ್ಲ ಮೇಡಂ, ನಮ್ಮಕ್ಕನ ಮನೇಲಿದಾರೆ ಅಷ್ಟೇ” ಅಂದಳು. ಹುಡುಗನ ಬದಲು ನನ್ನನ್ನು ಹೊರಗೆ ಕಳಿಸಿದರು.

ಬಾಗಿಲು ಅರ್ಧ ತೆರೆದೇ ಇತ್ತು. ಮೇಡಂ, “ಹಾಗೇ ಓದು ಪುಟ್ಟಾ, ನಿಂಗೆ ಹೇಗೆ ಬರುತ್ತೋ ಹಾಗೆ” ಅಂದದ್ದು ಕೇಳಿಸಿತು. ಕಡ್ಡಿಯ ಕಣ್ಣು ಸಾಲಿನ ಮೇಲೆ ಓಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಓದಿ ಮುಗಿಸಿ ಅವಳು ದೊರೆಯ ಮುಖ ನೋಡಿದಳು. ದೊರೆ ಫ್ಯಾನು ನೋಡುತ್ತಿದ್ದ. ಕಡ್ಡಿ ಕಾದಳು. ಮೇಡಂ ಕಾದರು. ಕಡ್ಡಿ ಕಣ್ಣಲ್ಲೇ ಅವನನ್ನು ಬೇಡಿಕೊಂಡಳು, ಹೇಳೋ, ನೀನು ಹೇಳಿದ್ರೆ ನಾನೂ ಹೇಳಬಹುದು. ಅವನು ಆಕಳಿಸಿದ.

“ಕಲಿಸಿದವರು ನೀವಲ್ವಾ?” ಮೇಡಂ ಅತ್ತಿಗೆಯನ್ನು ಕೇಳಿದರು. “ನಾಚಿಕೆಯೋ, ಅಥವಾ ನಿಜವಾಗ್ಲೂ ಬರಲ್ವೋ? ನೀವು ಬರುತ್ತೆ ಅಂದ್ರೆ ನಾನು ತಗೋತೀನಿ.”

ಒಂದು ಮಾತು. ‘ಬರುತ್ತೆ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅತ್ತಿಗೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆ ಕಣ್ಣೀರು ಸುಳ್ಳಲ್ಲ, ಅದೇ ನನಗೆ ಇನ್ನೂ ಅಸಹ್ಯ. “ನಾನೂ ಎಷ್ಟೋ ಪ್ರಯತ್ನಪಟ್ಟೆ ಮೇಡಂ. ಮಗು ಸ್ವಲ್ಪ ನಿಧಾನ” ಅಂದಳು.

ಹೊರಗೆ ಬಂದರು. ಎರಡು ಕಿಟಕಿಯ ಮನೆಗೆ ಬೀಗ ಹಾಕಿಕೊಂಡೇ ಬಂದಿದ್ದ ನರ್ಸು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿ ಅಳುತ್ತಿದ್ದಳು. ಏನಾಯಿತೆಂದು ಕಡ್ಡಿಗೆ ಯಾರೂ ಹೇಳಿರಲಿಲ್ಲ. ಅವಳು ಅತ್ತಿಗೆಯ ಸೀರೆ ಜಗ್ಗಿ, ಅವಳಿಗೂ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ, “ದೊಡ್ಡಮ್ಮಾ, ನಾನು ಅಣ್ಣನಿಗಿಂತ ಮುಂಚೆ ಹೇಳ್ಲೇ ಇಲ್ಲ” ಅಂದಳು.

ಅತ್ತಿಗೆ ಬಗ್ಗಿ ಅವಳ ತಲೆ ಸವರಿದಳು. “ಜಾಣೆ” ಅಂದಳು.

ನಮ್ಮ ಮನೆಗೆ ಬಂದಮೇಲೆ ಕಡ್ಡಿ ಆ ಮಾತು ಕೇಳಿದ್ದು ಅದೇ ಮೊದಲು. ಮುಖ ಇಷ್ಟಗಲವಾಯಿತು. ನರ್ಸು ಅದನ್ನು ನೋಡಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ನೋಡಿದ್ರಾ? ಇಷ್ಟಾದ್ರೂ ನಮ್ಮಕ್ಕ ಮಗೂನ ಒಂದು ಮಾತು ಬೈಲಿಲ್ಲ.”