ಕತ್ತರಿ ಮಾವನವರ ಮೂರನೇ ಪ್ರದರ್ಶನ

ನನ್ನ ಮಾವನವರಿಗೆ ಮೈಕ್‌ಸೆಟ್ಟಿನವರ ನಡುವೆ ‘ಕತ್ತರಿ’ ಎಂದು ಹೆಸರು. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅದನ್ನು ಕೇಳಿ, ಮೊದಲು ದರ್ಜಿಯಾಗಿದ್ದರೇನೋ ಎಂದುಕೊಂಡಿದ್ದೆ. ಹೆಸರಿಟ್ಟವರು ಅವರ ಸ್ವಂತ ತಮ್ಮ, ಗಿಟಾರ್ ನುಡಿಸುವ ನನ್ನ ಚಿಕ್ಕಮಾವ. ಮೂವತ್ತೊಂದು ವರ್ಷದಿಂದ ಅಣ್ಣತಮ್ಮಂದಿರು ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ.

ಜಗಳದ ಮೂಲ ‘ಹದಿಮೂರನೇ ಮಹಡಿ’. ನಲವತ್ತು ವರ್ಷದ ಹಿಂದೆ ಚಿಕ್ಕಮಾವನ ತಂಡ ತಂದ ರಾಕ್ ಆಲ್ಬಮ್ ಅದು. ಲಿಫ್ಟ್ ನಡೆಸುವವನೊಬ್ಬನ ಇಡೀ ಬದುಕು ಹನ್ನೊಂದು ಹಾಡುಗಳಲ್ಲಿ, ಒಂದೇ ಕಥೆಯಾಗಿ. ಆಮೇಲಿನ ಒಂಬತ್ತು ವರ್ಷದಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯ ಮೇಲೆ ಆಡಿದ್ದು ಮೂರೇ ಸಲ. ಮೂರಕ್ಕೂ ಮಿಕ್ಸರಿನ ಮುಂದೆ ಕೂತು ಧ್ವನಿ ಹೊಂದಿಸಿದವರು ಮಾವ. ಮೂರನೆಯ ಪ್ರದರ್ಶನದ ಟೇಪಿನಲ್ಲಿ ಗಿಟಾರ್ ಕೇಳಿಯೂ ಕೇಳದಂತಿದೆ. ಅಣ್ಣ ಹೊಟ್ಟೆಕಿಚ್ಚಿಗೆ ತನ್ನನ್ನು ಕತ್ತರಿಸಿಹಾಕಿದ ಎಂದು ಚಿಕ್ಕಮಾವ ಹಾಡುವ ತಂಡಗಳಿಗೆಲ್ಲ ಹೇಳಿಕೊಂಡು ಬಂದರು. ಆಮೇಲೆ ಯಾವ ತಂಡವೂ ಮಾವನವರನ್ನು ಕರೆಯಲಿಲ್ಲ. ಮದುವೆ ಮನೆ, ಚುನಾವಣಾ ಭಾಷಣ, ಶಾಲೆಯ ವಾರ್ಷಿಕೋತ್ಸವ, ಇಷ್ಟರಲ್ಲೇ ಅವರ ಕಸುಬು ಮುಗಿಯಿತು.

ಕಳೆದ ಸೋಮವಾರ ರೇಡಿಯೋದ ಹುಡುಗಿ ಫೋನ್ ಮಾಡಿದಳು. ಆಲ್ಬಮ್ಮಿಗೆ ನಲವತ್ತು ತುಂಬಿದ ನೆಪದಲ್ಲಿ ಭಾನುವಾರ ಬೆಳಿಗ್ಗೆ ಮೂರೂ ಪ್ರದರ್ಶನಗಳನ್ನು ಹೋಲಿಸಿ ನೋಡುವ ಕಾರ್ಯಕ್ರಮ. ಚಿಕ್ಕಮಾವ ಅಲ್ಲೇ ಕೂತು ಮಾತಾಡುತ್ತಾರಂತೆ.

“ಮೂರನೇದನ್ನ ನೀವು ಬೇಕಂತಲೇ ಹಾಳು ಮಾಡಿದ್ರಿ ಅಂತಾರೆ ಸರ್. ನಿಮ್ಮ ಉತ್ತರ ಏನಾದ್ರೂ ಇದ್ರೆ ಶನಿವಾರದೊಳಗೆ ಕೊಡಿ.”

“ಹೇಳ್ಕೊಳ್ಳಲಿ ಬಿಡಮ್ಮ,” ಎಂದು ಮಾವ ಫೋನಿಟ್ಟರು. ಇಟ್ಟವರು ನನ್ನ ಚಾರ್ಜರಿನ ವೈರನ್ನು ತೆಗೆದುಕೊಂಡು, ಒಂದು ಸುತ್ತು ಒಳಕ್ಕೆ ಒಂದು ಸುತ್ತು ಹೊರಕ್ಕೆ, ಮೈಕಿನ ಕೇಬಲ್ ಸುತ್ತುವ ಹಾಗೆ ಸುತ್ತಿದರು. ಬಿಚ್ಚಿದರು. ಮತ್ತೆ ಸುತ್ತಿದರು. ಇಲ್ಲಿಯತನಕ ಕಸುಬಿನವರ ಬಾಯಲ್ಲಿದ್ದ ಹೆಸರು ಇನ್ನು ಊರಿನ ಬಾಯಿಗೆ ಬೀಳುತ್ತದೆ. ಅವರಿಗೀಗ ಎಪ್ಪತ್ತೊಂದು.

ಮೂರು ದಿನ ಮನೆಯಲ್ಲಿ ಬೇರೆ ಸದ್ದಿಲ್ಲ, ಮಾವ ಅಂದು ಮಾಡಿಟ್ಟಿದ್ದ ಆ ಮೂರು ಟೇಪುಗಳದ್ದೇ. ನಾನು ಏಳು ತಿಂಗಳ ಮಗಳ ಬಟ್ಟೆ ಮಡಚುತ್ತ ಮೂರನ್ನೂ ಕೇಳಿದೆ. ಮೊದಲನೆಯದು ದೊಡ್ಡ ರಂಗಮಂದಿರದ್ದು. ಮರದ ಲಿಫ್ಟೊಂದನ್ನು ಹಗ್ಗದಲ್ಲಿ ಏರಿಸಲು ಹೋಗಿ ಅದು ನಡುವೆ ಸಿಕ್ಕಿಕೊಂಡಿತಂತೆ. ಹಾಡುಗಾರ ಪೆಟ್ಟಿಗೆಯೊಳಗಿಂದಲೇ ಎರಡು ಹಾಡು ಹಾಡಿದ್ದಾನೆ, ಹಿಂದೆ ಸುತ್ತಿಗೆಯ ಏಟು ಕೇಳುತ್ತದೆ. ನನಗೇನೋ ಅದು ಹಿಡಿಸಿತು. ಎರಡನೆಯದು ಮೈದಾನದ್ದು, ಚಿಕ್ಕಮಾವನ ಅಚ್ಚುಮೆಚ್ಚಿನದು. ಹತ್ತು ಸಾವಿರ ಜನ, ಬಟ್ಟೆಯ ಮೇಲೆ ಬರೆದ ಹದಿಮೂರು ಮಹಡಿ, ಆ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಳ್ಳುವುದು, ಗಿಟಾರ್, ಸಿಳ್ಳೆ, ಗಿಟಾರ್. ಲಿಫ್ಟಿನವನು ಎಲ್ಲಿ ಹೋದನೋ ದೇವರೇ ಬಲ್ಲ.

ಮೂರನೆಯದು ನೂರೈವತ್ತು ಕುರ್ಚಿಯ ಸಣ್ಣ ಹಾಲಿನದು. ವೇದಿಕೆಯಲ್ಲಿ ಒಂದು ಸ್ಟೂಲು, ಒಂದು ಗಂಟೆ, ಅಷ್ಟೇ. ಮುದುಕನಾದ ಲಿಫ್ಟಿನವನು ಸ್ಟೂಲಿನಿಂದ ಎದ್ದು “ಇನ್ನು ಯಾರು ಇಳಿಯೋರು?” ಎಂದು ಕೇಳುವಾಗ ನನ್ನ ಕೈಯಲ್ಲಿದ್ದ ಪುಟ್ಟ ಅಂಗಿ ಹಾಗೇ ನಿಂತಿತು. ಆದರೆ ಗಿಟಾರ್ ಪಕ್ಕದ ಬೀದಿಯಲ್ಲೆಲ್ಲೋ ನುಡಿಸಿದ ಹಾಗಿತ್ತು.

“ನಿಜ ಹೇಳಿ ಮಾವ, ಮಿಕ್ಸರಿನಲ್ಲಿ ಗಿಟಾರ್ ಮುಚ್ಚಿದ್ರಾ?” ಎಂದೆ.

“ಮುಚ್ಚಿದ್ದೆ,” ಎಂದರು ನೇರವಾಗಿ. “ಸಣ್ಣ ಹಾಲು ಕಣಮ್ಮ. ಇವನ ಗಿಟಾರಿನ ಸ್ಪೀಕರ್ ಪೆಟ್ಟಿಗೆಯೊಂದೇ ಸಾಕಿತ್ತು ಗೋಡೆ ಅಲ್ಲಾಡಿಸೋಕೆ. ಅದರ ಮುಂದಿದ್ದ ಮೈಕನ್ನೂ ಜೋರು ಮಾಡಿದ್ರೆ ಹಾಡೋನ ಮಾತು ಯಾರಿಗೆ ಕೇಳ್ತಿತ್ತು? ಜನಕ್ಕೆ ಗಿಟಾರ್ ಕಿವಿ ತುಂಬ ಕೇಳಿದೆ. ನಾನು ಟೇಪ್ ಮಾಡಿದ್ದು ನನ್ನ ಮಿಕ್ಸರಿಂದ. ಮಿಕ್ಸರಿಗೆ ಬಾರದ್ದು ಟೇಪಿಗೆ ಎಲ್ಲಿಂದ ಬರುತ್ತೆ?”

“ಇದನ್ನ ಚಿಕ್ಕಮಾವಂಗೆ ಹೇಳಲಿಲ್ವಾ?”

“ಹೇಳಿದೆ. ಮೈಕ್ ಇಟ್ಟಿದ್ದು ಕಣ್ಣಾರೆ ನೋಡಿದೀನಿ, ನೆಪ ಹೇಳ್ಬೇಡ ಅಂದ.”

ಗುರುವಾರದ ಹೊತ್ತಿಗೆ ನನ್ನ ಮಗಳು ಗಿಟಾರಿಗೆ ರೋಸಿಹೋಗಿ ಮಧ್ಯಾಹ್ನದ ನಿದ್ದೆ ಬಿಟ್ಟಳು. ಅವಳಪ್ಪ ಮಗುವಾಗಿದ್ದಾಗಿನ ತೊದಲು ಕೇಳಿಸಿದರೆ ಸುಮ್ಮನಾದಾಳು ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಹೊಲಿಗೆ ಡಬ್ಬಿಯ ತಳದಿಂದ ಒಂದು ಕ್ಯಾಸೆಟ್ ತೆಗೆದರು. ಮೇಲೆ ‘ಮಗು, ಐದು ತಿಂಗಳು’ ಎಂದು ಬರೆದಿತ್ತು.

ಹಾಕಿದೆ. ಗಿಟಾರ್ ಮನೆಯನ್ನೇ ಎತ್ತಿತು. ಅದರ ಮೇಲೆ ಐದು ತಿಂಗಳ ನನ್ನ ಗಂಡ ಕಿರುಚಿ ಅಳುತ್ತಿದ್ದರು. ನನ್ನ ಮಗಳು ಬಾಯಿ ತೆರೆದು ಅಪ್ಪನ ಅಳುವನ್ನು ಕೇಳಿದಳು.

“ಇದು ಮೂರನೇದಲ್ವೇನೇ!” ಮಾವ ಎದ್ದು ನಿಂತರು.

“ಹೌದು. ನಮ್ಮಮ್ಮಂಗೆ ಮಗು ಸದ್ದು ಕಳಿಸೋಣ ಅಂತ ರೆಕಾರ್ಡರ್ ತಗೊಂಡು ಹೋಗಿದ್ದೆ. ನಿಮ್ಮ ಪಕ್ಕದಲ್ಲೇ ಕೂತಿದ್ದೆನಲ್ಲ.”

“ಮೂವತ್ತೊಂದು ವರ್ಷ ಇದನ್ನ ಅಂಗಿ ಗುಂಡಿಗಳ ಕೆಳಗೆ ಇಟ್ಕೊಂಡು ಕೂತಿದ್ಯಾ?”

“ನಂಗೇನು ಕನಸು ಬಿತ್ತಾ? ನನ್ನನ್ನ ಯಾರಾದ್ರೂ ಕೇಳಿದ್ರಾ? ಅಣ್ಣತಮ್ಮ ಇಬ್ರೂ ಕಿತ್ತಾಡ್ತಾನೇ ಇದ್ರಿ.”

ಮರುದಿನ ನಾನೇ ಚಿಕ್ಕಮಾವನಿಗೆ ಫೋನ್ ಮಾಡಿ, ಮಗುವನ್ನು ನೋಡಲು ಬನ್ನಿ ಎಂದೆ. ಬಂದರು. ಕಪ್ಪು ಅಂಗಿ, ಹಿಂದೆ ಕಟ್ಟಿದ ಬಿಳಿ ಜುಟ್ಟು. ಮಗುವಿನ ಕೆನ್ನೆ ಮುಟ್ಟಿ, ಅಣ್ಣನ ಮುಖ ನೋಡದೆ ಕುರ್ಚಿಯ ತುದಿಯಲ್ಲಿ ಕೂತರು. ನಾನು ಕ್ಯಾಸೆಟ್ ಹಾಕಿದೆ.

ಮೊದಲ ಹೊಡೆತಕ್ಕೇ ಅವರ ಎಡಗೈ ಬೆರಳು ತೊಡೆಯ ಮೇಲೆ ಓಡತೊಡಗಿದವು. ನಡುವೆ ಅತ್ತೆಯ ಎಳೆಯ ದನಿ: “ಆ ಗಿಟಾರ್ ಕಮ್ಮಿ ಮಾಡ್ರೀ, ಮಗು ಹೆದರ್ತಿದೆ.” ಪಕ್ಕದಲ್ಲೇ ಮಾವನವರದು: “ನನ್ನ ಕೈಯಲ್ಲಿರೋದನ್ನ ಪೂರ್ತಿ ಮುಚ್ಚಿದೀನಿ ಕಣೇ. ಆದ್ರೂ ಹಾಲೆಲ್ಲ ಅವನೇ.”

ಮಾವ ತಮ್ಮನನ್ನೇ ನೋಡುತ್ತಿದ್ದರು. ಚಿಕ್ಕಮಾವನ ಬೆರಳು ನಿಂತವು.

“ಮುಚ್ಚಿದೀನಿ ಅಂತ ನಿನ್ನ ಬಾಯಲ್ಲೇ ಬಂತಲ್ಲ!” ಎಂದರು. “ಇನ್ನೇನು ಸಾಕ್ಷಿ ಬೇಕು?”

“ಕಿವಿ ಇದೆಯೇನೋ ನಿಂಗೆ? ಆದ್ರೂ ಹಾಲೆಲ್ಲ ಅವನೇ ಅಂದಿದ್ದು ಕೇಳಲಿಲ್ವಾ?”

“ಜನ ಟೇಪ್ ಕೇಳ್ತಾರೆ, ಹಾಲ್ ಕೇಳಲ್ಲ. ನನ್ನ ಒಳ್ಳೇ ಕಾಲವನ್ನ ನೀನು ತಿಂದ್ಹಾಕ್ದೆ.”

“ನನ್ನ ಕಸುಬನ್ನ ನೀನು ತಿಂದ್ಯಲ್ಲ, ಅದು ಅರಗಿತಾ?”

ಮಗು ಬೆಚ್ಚಿ ಅಳತೊಡಗಿತು. ಕೂಗಾಡುವುದಾದರೆ ಇಬ್ಬರೂ ಬೀದಿಗೆ ಹೋಗಿ ಎಂದುಬಿಟ್ಟೆ. ಚಿಕ್ಕಮಾವ ನಿಜವಾಗಿಯೂ ಎದ್ದು ಹೋದರು. ಕೊಟ್ಟ ಕಾಫಿ ಹಾಗೇ ಇತ್ತು.

ಮಾವ ಲೋಟವನ್ನು ಎತ್ತಿ ಕಾಫಿಯನ್ನು ಬಚ್ಚಲಿಗೆ ಸುರಿದು ಬಂದರು. ಅವರಿಗೆ ಬೇಕಾಗಿದ್ದದ್ದು ಊರಿನ ಒಪ್ಪಿಗೆಯಲ್ಲ, ಆ ತಮ್ಮನೊಬ್ಬನದು. ನಾನಾದರೂ ಅದನ್ನು ಮೊದಲೇ ತಿಳಿಯಬೇಕಿತ್ತು. ಕೊನೆಗೆ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು.

“ಆ ರೇಡಿಯೋ ಹುಡುಗಿಗೆ ಕೊಟ್ಟು ಬಾ. ಪೂರ್ತಿ ಹಾಕ್ಲಿ, ಮುಚ್ಚಿದೀನಿ ಅಂದಿದ್ದೂ ಸೇರಿಸಿ. ಒಂದಕ್ಷರ ಕತ್ತರಿಸ್ಬೇಡ ಅನ್ನು.”

ಶನಿವಾರ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಕೊಟ್ಟು ಬಂದೆ.

ಭಾನುವಾರ ನಾವೆಲ್ಲ ರೇಡಿಯೋ ಸುತ್ತ ಕೂತೆವು. ಸುತ್ತಿಗೆಯ ಏಟು ಬಂತು, ಮೈದಾನದ ಗಾಳಿ ಬಂತು. ಮೂರನೆಯದಕ್ಕೆ ಹುಡುಗಿ ಮೊದಲು ಮಾವನವರ ಟೇಪನ್ನು, ಹಿಂದೆಯೇ ಅತ್ತೆಯ ಕ್ಯಾಸೆಟ್ಟನ್ನು ಕೇಳಿಸಿದಳು. ಅಳು, ಅತ್ತೆ ಮಾವನವರ ಮಾತು, ಎಲ್ಲ.

“ಮೂರರಲ್ಲಿ ಯಾವುದು ಒಳ್ಳೇದು ಸರ್?” ಎಂದಳು ಹುಡುಗಿ.

“ಮೂರನೇದು,” ಎಂದರು ಚಿಕ್ಕಮಾವ. “ಆ ಕ್ಯಾಸೆಟ್ಟಿಂದು. ಅದರಲ್ಲಿ ನಾನಿದೀನಿ.”

“ಹಾಗಾದ್ರೆ ನಿಮ್ಮಣ್ಣ…”

“ಮುಂದಿನ ಹಾಡು ಹಾಕಮ್ಮ.”

ಮಾವ ಗುಂಡಿ ತಿರುಗಿಸಿ ರೇಡಿಯೋ ಆರಿಸಿದರು.

“ತಪ್ಪಾಯ್ತು ಅಂತ ಒಂದು ಮಾತು ಬಂತಾ ನೋಡಿ,” ಎಂದರು ಅತ್ತೆ.

“ಇಲ್ಲ. ಕತ್ತರಿ ಅನ್ನಲಿಲ್ಲ ಆದ್ರೆ.” ಮಾವ ನನ್ನ ಮಡಿಲಿನಿಂದ ಮಗುವನ್ನು ಎತ್ತಿಕೊಂಡರು. “ಇನ್ನೊಂದ್ಸಲ ಬಂದ್ರೆ ಅವನಿಗೆ ಕಾಫಿ ಕೊಡ್ಬೇಡಮ್ಮ. ದಂಡ.”